ಉಪ್ಪುನೀಲಿಯ ಲೆಕ್ಕ

ಮಾರ್ಚ್ ೬, ಗುರುವಾರ

ಇದು ನನ್ನ ಟೈಲರಿಂಗ್ ಅಂಗಡಿಯ ಅಳತೆ ಪುಸ್ತಕ. ಮುಂದಿನಿಂದ ತೆರೆದರೆ ಊರವರ ಎದೆ, ಸೊಂಟ, ತೋಳು. ಹಿಂದಿನಿಂದ ತೆರೆದರೆ ಇನ್ನು ಮೇಲೆ ನನ್ನ ಸಂಕಟ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ. ಹೇಳಿಕೊಳ್ಳುವುದಕ್ಕೆ ಇರುವವಳು ಅಕ್ಕ ಒಬ್ಬಳೇ, ಸಂಕಟವೂ ಅವಳದೇ.

ಡಿಸೆಂಬರಿನಲ್ಲಿ ಅವಳ ಎರಡು ಕಣ್ಣೂ ಹೋದವು. ಗಾಯದ ಮೇಲೆ ಬರೆ ಎಳೆದ ಹಾಗೆ ಜನವರಿಯಲ್ಲಿ ಹೃದಯ ಕೈಕೊಟ್ಟಿತು. ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, ಈ ವರ್ಷ ದಾಟಿದರೆ ಹೆಚ್ಚು ಎಂದರು. ನಾನು ಒಳಗೆ ಹೋಗಿ, "ಇನ್ನೂ ಹತ್ತು ವರ್ಷ ನನ್ನ ತಲೆ ತಿನ್ನುತ್ತೀಯಂತೆ" ಎಂದೆ. "ಹತ್ತೇನಾ?" ಎಂದಳು.

ಇವತ್ತು ಹೊಸ ಹುಕುಂ ಹೊರಟಿದೆ. ಅವಳು ಭೂಗೋಳದ ಟೀಚರಾಗಿದ್ದವಳು. ಇಪ್ಪತ್ತಮೂರು ವರ್ಷದಿಂದ ಮಾರ್ಚಿನಿಂದ ಅಕ್ಟೋಬರಿನವರೆಗೆ ಪ್ರತಿ ಗುರುವಾರ ನಮ್ಮ ಬೀದಿಯ ಕೊನೆಯ ಉದ್ಯಾನದಿಂದ ಹಿಡಿದು ಕಡಲ ದಂಡೆಯ ದೋಣಿ ಷೆಡ್ಡಿನವರೆಗೆ ನಡೆದು ಚಿಟ್ಟೆ ಎಣಿಸಿದ್ದಾಳೆ. ಇಪ್ಪತ್ತಮೂರು ನೋಟುಬುಕ್ಕು ಅವಳ ಮಂಚದ ಕೆಳಗಿವೆ. ಈ ವರ್ಷ ನಾನು ಹೋಗಬೇಕಂತೆ.

"ನಾನಾ? ಹುಳ ಎಣಿಸೋಕಾ? ಶಾಲೆ ಸಮವಸ್ತ್ರ ನಲವತ್ತು ಬಾಕಿ ಇದೆ ಅಕ್ಕ."

"ಜೂನ್ ಕೊನೆಗೆ ಪುಸ್ತಕ ಕಚೇರಿಗೆ ಕೊಡ್ಬೇಕು. ಈ ವರ್ಷದ್ದೊಂದು ಸೇರಿದ್ರೆ ಸಾಕು. ಆಮೇಲೆ ಹೇಳೋದನ್ನ ಪುಸ್ತಕಾನೇ ಹೇಳುತ್ತೆ."

ವಿಷಯ ಇದು. ದೋಣಿ ಷೆಡ್ಡಿನಿಂದ ಈಚೆ ಇನ್ನೂರು ಹೆಜ್ಜೆಯಷ್ಟು ದಂಡೆಯಲ್ಲಿ ಮೊಣಕಾಲೆತ್ತರದ ಪೊದೆಗಳಿವೆ, ಅಲೆಯ ಉಪ್ಪು ಕುಡಿದು ಬೆಳೆಯುವಂಥವು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ನೀಲಿ ಚಿಟ್ಟೆ ಇದೆ. ಅಕ್ಕ ಅದನ್ನು ಉಪ್ಪುನೀಲಿ ಎನ್ನುತ್ತಾಳೆ. ಆ ಪೊದೆ ಬಿಟ್ಟು ಇನ್ನೆಲ್ಲೂ ಅದು ಮೊಟ್ಟೆ ಇಡುವುದಿಲ್ಲ. ಈಗ ಅಲ್ಲಿ ಕಲ್ಲಿನ ತಡೆಗೋಡೆ ಕಟ್ಟುತ್ತಾರೆ. ಫೆಬ್ರವರಿಯಿಂದಲೇ ಷೆಡ್ಡಿನ ಪಕ್ಕ ಕಲ್ಲು ತಂದು ಸುರಿಯುತ್ತಿದ್ದಾರೆ. ತಕರಾರಿದ್ದವರು ದಾಖಲೆ ಸಮೇತ ಜೂನ್ ಮೂವತ್ತರೊಳಗೆ ಬನ್ನಿ ಎಂದಿದೆ ಕಚೇರಿ. ನನಗೆ ಅರ್ಥವಾದದ್ದು ಇಷ್ಟು: ಚಿಟ್ಟೆ ಇದ್ದರೆ ಪೊದೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಅಮ್ಮ ಹೋದಾಗ ನನಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಗಂಡನ ಮನೆ ಮೂರೇ ವರ್ಷಕ್ಕೆ ಸಾಕಾಗಿ ಟ್ರಂಕು ಹಿಡಿದು ಬಂದಾಗ ಯಾಕೆ ಎಂದು ಕೇಳದೆ ಬಾಗಿಲು ತೆರೆದವಳೂ ಅವಳೇ. ಹೋಗುತ್ತೇನೆ ಎಂದೆ, ಬೈದುಕೊಂಡೇ ಎಂದೆ.

ಮಾರ್ಚ್ ೧೩, ಗುರುವಾರ

ಹೋಗಿ ಬಂದೆ. ಕಾಲು ಬಿದ್ದುಹೋಗಿವೆ.

ಹೊರಡುವ ಮೊದಲು ಅಕ್ಕ ಗಿಣಿಗೆ ಹೇಳಿಕೊಟ್ಟ ಹಾಗೆ ನಿಯಮ ಹೇಳಿಕೊಟ್ಟಳು. ದಾರಿಯನ್ನು ಏಳು ತುಂಡು ಮಾಡಿದ್ದಾಳೆ, ಒಂದೊಂದು ತುಂಡಿಗೂ ಬೇರೆ ಸಾಲು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ. ಬಿಸಿಲಿರಬೇಕು, ಸಣ್ಣ ಕೊಂಬೆ ಅಲುಗುವಷ್ಟು ಗಾಳಿ ಇದ್ದರೆ ಹೋಗಬಾರದು. ಐದು ಹೆಜ್ಜೆ ಮುಂದೆ ಕಂಡದ್ದು ಮಾತ್ರ ಲೆಕ್ಕ. ನಿಲ್ಲಬಾರದು, ತಿರುಗಿ ನೋಡಬಾರದು, ಹಿಂದೆ ಹಾರಿದ್ದು ಲೆಕ್ಕಕ್ಕಿಲ್ಲ.

"ಯಾಕೆ? ಅದೇನು ಪಾಪ ಮಾಡ್ತು?"

"ಮುಂದೆ ಎಣಿಸಿದ್ದೇ ಸುತ್ತಿ ಹಿಂದೆ ಬಂದಿರುತ್ತೆ ಕಣೇ. ಒಂದನ್ನೇ ಎರಡು ಸಲ ಎಣಿಸ್ತೀಯ."

ಇನ್ನೊಂದು ನಿಯಮವನ್ನು ಮೂರು ಸಲ ಹೇಳಿದಳು. ಚಿಟ್ಟೆ ಕಾಣದಿದ್ದರೆ ಸಾಲನ್ನು ಖಾಲಿ ಬಿಡಬಾರದು, ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ನೋಡಲಿಲ್ಲ ಅಂತ. ಸೊನ್ನೆ ಬರೆದರೆ ನೋಡಿದೆ, ಇರಲಿಲ್ಲ ಅಂತ.

ಉದ್ಯಾನದ ಮಾಲಿ ನನ್ನನ್ನು ಕಂಡು ಪೊರಕೆ ಊರಿ ನಿಂತ. "ಏನು ಟೈಲರಮ್ಮ, ಚಿಟ್ಟೆಗೂ ಅಂಗಿ ಹೊಲಿಯೋಕೆ ಹೊರಟ್ರಾ? ಅಳತೆ ತಗೊಳ್ತಿದ್ದೀರಾ?"

"ನಿನ್ನ ಬಾಯಿಗೊಂದು ಚೀಲ ಹೊಲೀತೀನಿ, ಅದರ ಅಳತೆ ಕೊಡು ಮೊದಲು" ಎಂದೆ. ನಕ್ಕ. ಆ ಹೊತ್ತಿಗೆ ಎರಡು ಹಳದಿ ಹಾರಿಹೋದವು, ಬರೆದೆನೋ ಇಲ್ಲವೋ ಮರೆತೇಹೋಯಿತು.

ಎಲ್ಲ ಸೇರಿ ನಲವತ್ತೇಳು. ಕೊನೆಯ ತುಂಡಿನಲ್ಲಿ ಉಪ್ಪುನೀಲಿ ಒಂಬತ್ತು. ನಾನು ಖುಷಿಯಾಗಿ ಹೇಳಿದರೆ ಅಕ್ಕನ ಮುಖ ಸಣ್ಣದಾಯಿತು.

"ಹೋದ ವರ್ಷ ಇದೇ ವಾರ ಇಪ್ಪತ್ತೆರಡು."

ಮಾರ್ಚ್ ೨೭, ಗುರುವಾರ

ಉಪ್ಪುನೀಲಿ ಐದು. ಲಾರಿಗಳು ದಂಡೆಯ ಮೇಲೇ ಓಡಾಡುತ್ತವೆ. ಪೊದೆಗಳ ಮೇಲೆಲ್ಲ ಬಿಳಿ ಪುಡಿ ಕೂತಿದೆ, ನನ್ನ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣ ಕೂತ ಹಾಗೆ.

ಐದು ಎಂದೊಡನೆ ಅಕ್ಕ ತಟ್ಟೆ ದೂರ ತಳ್ಳಿದಳು. ಹಸಿವಿಲ್ಲವಂತೆ. ನಿನ್ನೆ ಇದ್ದ ಹಸಿವು ಎಲ್ಲಿಗೆ ಹೋಯಿತು ಎಂದು ಕೇಳಿದೆ.

ಏಪ್ರಿಲ್ ೧೨, ಶನಿವಾರ

ಮೊನ್ನೆ ಉಪ್ಪುನೀಲಿ ಒಂದು.

ಮೊನ್ನೆಯಿಂದ ಅಕ್ಕ ಎರಡು ಲೋಟ ಹಾಲು ಬಿಟ್ಟು ಏನೂ ಮುಟ್ಟಿಲ್ಲ. ವಾರಕ್ಕೆರಡು ಸಲ ಬರುವ ನರ್ಸ್ ಅವಳ ಕಾಲಿನ ಊತ ಒತ್ತಿ ನೋಡಿ ನನ್ನನ್ನು ಅಡುಗೆಮನೆಗೆ ಕರೆದಳು. "ಹೀಗೇ ತಿನ್ನದೆ ಇದ್ರೆ ತಿಂಗಳೂ ತಡೆಯೋದಿಲ್ಲ. ಏನಾದ್ರೂ ಮಾಡಿ, ಸಂತೋಷವಾಗಿಡಿ" ಎಂದಳು. ಹೇಳುವುದು ಸುಲಭ. ಸಂತೋಷವನ್ನು ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿ ಇದ್ದರೆ ಹೇಳಲಿ, ಹೋಗಿ ಥಾನುಗಟ್ಟಲೆ ತರುತ್ತೇನೆ.

ಸಿಟ್ಟು ಬರುತ್ತದೆ ನನಗೆ. ಉಗುರಿನಷ್ಟು ಒಂದು ಹುಳಕ್ಕೋಸ್ಕರ ಇವಳು ಸಾಯುವುದಾ? ಆಮೇಲೆ ಹೆದರಿಕೆ ಬರುತ್ತದೆ. ಈ ಮನೆಯಲ್ಲಿ ನಾನೊಬ್ಬಳೇ ಏನು ಮಾಡಲಿ?

ಏಪ್ರಿಲ್ ೧೭, ಗುರುವಾರ

ಇವತ್ತು ಒಂದೂ ಇರಲಿಲ್ಲ. ಏಳನೆಯ ತುಂಡನ್ನು, ನಿಲ್ಲಬಾರದು ಎಂದಿದ್ದರೂ, ನಿಂತು ನಿಂತು ನೋಡಿದೆ. ಪುಸ್ತಕದಲ್ಲಿ ಸೊನ್ನೆ ಬರೆದೆ.

ಮನೆಗೆ ಬಂದರೆ ಅಕ್ಕ ದಿಂಬಿಗೆ ಒರಗಿ, ಬಲತೋಳನ್ನು ಕಿಟಕಿಯ ಕಟ್ಟೆಯ ಮೇಲೆ ಚಾಚಿ ಕೂತಿದ್ದಳು. ಕಣ್ಣು ಹೋದ ಮೇಲೆ ಬಿಸಿಲು ಎಲ್ಲಿಗೆ ಬಂತು ಎಂದು ತೋಳಿನಲ್ಲೇ ನೋಡುತ್ತಾಳೆ. "ಎಷ್ಟೇ?" ಎಂದಳು. ನನ್ನ ಬಾಯಿಂದ "ಆರು" ಎಂದು ಬಂತು.

"ಆರಾ? ಲೆಕ್ಕ ಏರಿತಾ ಮತ್ತೆ?"

"ಏರಿತು. ಊಟ ಹಾಕ್ಲಾ?"

ತಟ್ಟೆ ಖಾಲಿ ಮಾಡಿದಳು. ಇನ್ನೂ ಸ್ವಲ್ಪ ಬಡಿಸು ಎಂದಳು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ.

ತಪ್ಪೇನಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವಾಗ ಮಕ್ಕಳು ಬೆಳೆಯುತ್ತಾರೆಂದು ಅಂಚಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಿಸಿ ಬಿಡುತ್ತೇವೆ. ಮೂವತ್ತೆಂಟು ಸೊಂಟದವರಿಗೆ ಬಾಯಲ್ಲಿ ಮೂವತ್ತಾರು ಎಂದು, ಪುಸ್ತಕದಲ್ಲಿ ಮೂವತ್ತೆಂಟು ಬರೆದುಕೊಂಡು ಮೂವತ್ತೆಂಟೇ ಹೊಲಿಯುತ್ತೇವೆ. ಅವರಿಗೂ ಸುಖ, ನಮಗೂ ಸುಖ. ಮುಂದಿನ ವಾರ ಚಿಟ್ಟೆ ಬಂದರೆ ಎಲ್ಲ ಸರಿಹೋಗುತ್ತದೆ.

ಏಪ್ರಿಲ್ ೨೧, ಸೋಮವಾರ

ಅಕ್ಕ ನರ್ಸಿನ ಕೈಗೆ ಚಿಟ್ಟೆ ಲೆಕ್ಕದ ಪುಸ್ತಕ ಕೊಟ್ಟು, "ಗುರುವಾರದ ಹಾಳೆ ಓದಮ್ಮ, ಇನ್ನೊಂದು ಸಲ ಕೇಳ್ಬೇಕು" ಎಂದಳಂತೆ. ನಾನು ಅಂಗಡಿಯಲ್ಲಿದ್ದೆ. ನನ್ನ ಪುಣ್ಯ, ನರ್ಸ್ ಕನ್ನಡಕ ತಂದಿರಲಿಲ್ಲ.

ಆ ಪುಸ್ತಕದಲ್ಲಿ ಇಂಗ್ಲಿಷ್ ಅಂಕಿ, ಸೊನ್ನೆಗೆ ಮೇಲೊಂದು ಬಾಲ ಎಳೆದೆ. ಆರು ಆಯಿತು. ಅಂಗಡಿಯ ಪೆನ್ನು, ಶಾಯಿ ಒಂಚೂರು ಗಾಢ. ಯಾರು ನೋಡುತ್ತಾರೆ?

ಮೇ ೧, ಗುರುವಾರ

ಸೊನ್ನೆ. ಎಂಟು ಬರೆದೆ.

ಇದು ಅಕ್ಕನಿಗೆ ಮಾತ್ರ ಒಳ್ಳೆಯದಲ್ಲ, ಪೊದೆಗೂ ಒಳ್ಳೆಯದೇ. ಕಚೇರಿಯವರು ನೋಡಿದಾಗ ಇಷ್ಟೊಂದಿವೆಯಾ, ಪಾಪ, ಗೋಡೆ ಬೇಡ ಎನ್ನಬೇಕು. ಕಡಿಮೆ ತೋರಿಸಿದರೆ ಯಾರಿಗೆ ಕನಿಕರ ಬರುತ್ತದೆ? ಇದನ್ನು ಮೊದಲೇ ಯಾಕೆ ಯೋಚಿಸಲಿಲ್ಲವೋ.

ಅಕ್ಕನ ಕಾಲಿನ ಊತ ಇಳಿದಿದೆ. ನರ್ಸ್ ನನ್ನ ಬೆನ್ನು ತಟ್ಟಿದಳು.

ಮೇ ೧೫, ಗುರುವಾರ

ಇವತ್ತು ನಡೆಯಲೇ ಇಲ್ಲ. ಬೆಳಿಗ್ಗೆಯಿಂದ ಗಾಳಿ. ಸಮವಸ್ತ್ರದ ಗಡುವು ಬೇರೆ ಕುತ್ತಿಗೆಗೆ ಬಂದಿತ್ತು. ಇವತ್ತು ಬೇಡ ಎಂದರೆ ಅಕ್ಕ ನಾಳೆ ಹೋಗು ಎನ್ನುತ್ತಾಳೆ, ನಾಳೆಗೆ ನನಗೆ ಪುರುಸೊತ್ತಿಲ್ಲ. ಉದ್ಯಾನದ ಬೆಂಚಿನ ಮೇಲೆ ಕೂತು ಇಡೀ ಹಾಳೆ ತುಂಬಿಸಿದೆ. ಏಳು ತುಂಡು, ಹದಿನಾಲ್ಕು ಜಾತಿ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಎರಡು ಕಡೆ ಸೊನ್ನೆ. ನಾನು ಈಗ ಇದರಲ್ಲಿ ಪಳಗಿದ್ದೇನೆ. ಯಾವ ಗಿಡದ ಬಳಿ ಯಾವುದು ಕೂರುತ್ತದೆ, ಯಾವುದು ಯಾವುದರ ಜೊತೆ ಜಗಳವಾಡುತ್ತದೆ, ಎಲ್ಲ ತಲೆಯಲ್ಲಿದೆ. ಹುಲಿಪಟ್ಟೆ ಚಿಟ್ಟೆ ನೆರಳಿನ ತುಂಡಿನಲ್ಲಿ ಬರುವುದಿಲ್ಲವೆಂದು ಅಲ್ಲಿ ಹಾಕಲಿಲ್ಲ. ಯಾರೂ ಹಿಡಿಯಲಾರರು.

ಮಾಲಿ ಪೈಪು ಹಿಡಿದು ನೀರು ಬಿಡುತ್ತಾ ನನ್ನನ್ನೇ ನೋಡುತ್ತಿದ್ದ. "ಇವತ್ತು ಚಿಟ್ಟೆಗಳೇ ನಿಮ್ಮ ಹತ್ರ ಬಂದು ಹೆಸರು ಬರೆಸ್ತಿದಾವಾ ಅಮ್ಮ?" ಎಂದ. ಪುಸ್ತಕ ಮುಚ್ಚಿ ಎದ್ದೆ.

ಅಕ್ಕ ಕೇಳಿದಳು: "ಉಪ್ಪುನೀಲಿ?"

"ಹನ್ನೆರಡು."

"ಗಾಳಿ ಇತ್ತಲ್ಲೇ. ಪರದೆ ಬಂದು ಬಂದು ಮುಖಕ್ಕೆ ಹೊಡೀತಿತ್ತು."

"ಅಲ್ಲಿ ಇರ್ಲಿಲ್ಲ. ಬಂಡೆ ಅಡ್ಡ ಇದೆಯಲ್ಲ."

ಪರದೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. "ಹನ್ನೆರಡು" ಎಂದಳು ಕೊನೆಗೆ, ತನ್ನಷ್ಟಕ್ಕೆ. ಆಮೇಲೆ, "ಸರಿ. ನೋಡಿದವಳು ನೀನು" ಎಂದು ಊಟ ಕೇಳಿದಳು.

ಜೂನ್ ೫, ಗುರುವಾರ

ಬಟ್ಟೆ ಅಂಗಡಿಯವನ ಜೊತೆ ಜಗಳವಾಯಿತು. ಶಾಲೆಯವರು ಕೇಳಿದ ನೀಲಿ ಒಂದು, ಅವನು ಕೊಟ್ಟ ನೀಲಿ ಇನ್ನೊಂದು. "ಎರಡೂ ಒಂದೇ ಮೇಡಂ" ಎನ್ನುತ್ತಾನೆ. ಎಲ್ಲಿಯ ಒಂದೇ! ಇದು ರೆಕ್ಕೆ ತೆರೆದಾಗಿನ ನೀಲಿ, ಅದು ಮಡಿಸಿದಾಗಿನ ಬೂದಿ ಬೆರೆತ ನೀಲಿ. ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ತೋರಿಸಿದೆ. ತಲೆ ಕೆಟ್ಟವಳನ್ನು ನೋಡಿದಂತೆ ನೋಡಿದ.

ವಾಪಸು ಬರುವಾಗ ಮಾಲಿ ಕೈಪಂಪಿನಲ್ಲಿ ಔಷಧಿ ಹೊಡೆಯುತ್ತಿದ್ದ. ನನಗೇ ಗೊತ್ತಿಲ್ಲದೆ ಓಡಿಹೋಗಿ ಅವನ ಕೈ ಹಿಡಿದುಕೊಂಡೆ. ಆ ಎಲೆಯ ಅಡಿಯಲ್ಲಿ ಕಿತ್ತಳೆ ತುದಿ ಚಿಟ್ಟೆಯ ಮೊಟ್ಟೆಗಳಿದ್ದವು. "ಮೇಲಿನಿಂದ ಹುಕುಂ ಅಮ್ಮ, ನಾನೇನು ಮಾಡ್ಲಿ?" ಎಂದ. ಆ ಒಂದು ಗಿಡವನ್ನು ಬಿಟ್ಟ, ಪುಣ್ಯಾತ್ಮ.

ಉಪ್ಪುನೀಲಿ ಸೊನ್ನೆ. ಹತ್ತು ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಹೊಲಿದು ಹೊಲಿದು ಬೆರಳು ನೋಯುತ್ತಿವೆ.

ಜೂನ್ ೩೦, ಸೋಮವಾರ

ಇಪ್ಪತ್ತನಾಲ್ಕು ಪುಸ್ತಕಗಳನ್ನು ಎರಡು ಚೀಲದಲ್ಲಿ ಹೊತ್ತು ಕಚೇರಿಗೆ ಕೊಟ್ಟು ಬಂದೆ. ಅಧಿಕಾರಿ ಚಿಕ್ಕ ವಯಸ್ಸಿನವನು. ಅಂಗಿಯ ಕಾಲರು ಒಂದು ಸೈಜು ದೊಡ್ಡದಿತ್ತು. ಎದ್ದು ನಿಂತು ತೆಗೆದುಕೊಂಡ.

"ಇಪ್ಪತ್ತನಾಲ್ಕು ವರ್ಷ, ಒಂದು ವಾರಾನೂ ಖಾಲಿ ಇಲ್ಲ! ಇಂಥ ದಾಖಲೆ ನಾನು ನೋಡೇ ಇಲ್ಲ. ಇದನ್ನೇ ಆಧಾರವಾಗಿ ಇಟ್ಕೊಳ್ತೀವಿ ಅಮ್ಮ."

ಅಕ್ಕನಿಗೆ ಹೇಳಿದೆ. ಅವಳು ಖಾಲಿಯಾದ ಮಂಚದ ಅಡಿಗೆ ಕೈ ಚಾಚಿ ಸವರಿ ನೋಡಿದಳು. ಸಂತೋಷವಾಗಿದ್ದಾಳೆ. ನಾನೂ ಸಂತೋಷವಾಗಿದ್ದೇನೆ.

ಜುಲೈ ೨೧, ಸೋಮವಾರ

ಕಾಗದ ಬಂತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅಕ್ಕ ಗಟ್ಟಿಯಾಗಿ ಓದು ಎಂದಳು. ನಾನು ದೊಡ್ಡ ಗಂಟಲಲ್ಲಿ ಶುರು ಮಾಡಿದೆ. "ತಾವು ಸಲ್ಲಿಸಿದ ಅಮೂಲ್ಯ ದಾಖಲೆಗೆ ಧನ್ಯವಾದಗಳು. ಕಾಮಗಾರಿಯ ಕಲ್ಲು ಸಂಗ್ರಹಣೆ ಫೆಬ್ರವರಿಯಲ್ಲಿ ಆರಂಭವಾಗಿದ್ದು, ಮೊದಲ ವಾರಗಳಲ್ಲಿ ಸದರಿ ಚಿಟ್ಟೆಯ ಸಂಖ್ಯೆ ತಾತ್ಕಾಲಿಕವಾಗಿ ಇಳಿದರೂ, ಏಪ್ರಿಲ್ ಮಧ್ಯದಿಂದ ಕಾಮಗಾರಿ ನಡೆಯುತ್ತಿರುವಾಗಲೇ ಚೇತರಿಸಿಕೊಂಡಿರುವುದು ತಮ್ಮ ದಾಖಲೆಯಿಂದಲೇ..." ಅಲ್ಲಿಗೆ ನಿಲ್ಲಿಸಿದೆ.

"ಮುಂದೆ ಓದೇ."

"...ತಮ್ಮ ದಾಖಲೆಯಿಂದಲೇ ಸ್ಪಷ್ಟವಾಗುತ್ತದೆ. ಆದ್ದರಿಂದ ಕಾಮಗಾರಿಯಿಂದ ಹಾನಿಯಿಲ್ಲವೆಂದು ತೀರ್ಮಾನಿಸಿ, ಪೊದೆಗಳ ತೆರವಿಗೆ ಅನುಮತಿ ನೀಡಲಾಗಿದೆ."

ಆಗ ನನಗೆ ಅರ್ಥವಾಯಿತು. ಅಕ್ಕ ಮಾರ್ಚಿನಲ್ಲೇ ಹೇಳಿದ್ದಳು, ಪುಸ್ತಕವೇ ಹೇಳುತ್ತದೆ ಎಂದು. ಇಪ್ಪತ್ತೆರಡು ಇದ್ದದ್ದು ಒಂಬತ್ತಾಗಿ, ಐದಾಗಿ, ಸೊನ್ನೆಯಾದದ್ದೇ ಪುಸ್ತಕ ಹೇಳಬೇಕಾಗಿದ್ದ ಮಾತು. ಆ ಸೊನ್ನೆಯೇ ಪೊದೆಯನ್ನು ಕಾಯಬೇಕಿತ್ತು. ನಾನು ಅದಕ್ಕೆ ಬಾಲ ಎಳೆದೆ.

ಅಕ್ಕ ಕೇಳಿದಳು: "ನಿಜಕ್ಕೂ ಎಷ್ಟಿತ್ತು?"

"ಏಪ್ರಿಲ್ ಹದಿನೇಳರಿಂದ ಒಂದೂ ಇಲ್ಲ ಅಕ್ಕ."

"ಹನ್ನೊಂದು ವಾರ."

"ನೀನು ತಿಂತಿರ್ಲಿಲ್ಲ. ಸಾಯ್ತಿದ್ದೆ. ನಾನೇನು ಮಾಡ್ಬೇಕಿತ್ತು?" ಎಂದು ಕೂಗಿದೆ. ಕೂಗಬಾರದಿತ್ತು.

ಅವಳು ಕೂಗಲಿಲ್ಲ. ಅವಳು ನಾಲ್ಕು ಏಟು ಹಾಕಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು. "ಆ ಗಾಳಿ ದಿನ ನನಗೆ ಗೊತ್ತಾಯ್ತು ಕಣೇ" ಎಂದಳು. "ಕೇಳ್ಬೇಕಿತ್ತು. ಕೇಳ್ಲಿಲ್ಲ. ಹನ್ನೆರಡು ಅಂದ್ಯಲ್ಲ, ಅದು ಕಿವಿಗೆ ಎಷ್ಟು ಹಿತವಾಗಿತ್ತು ಅಂದ್ರೆ, ಇರ್ಲಿ ಬಿಡು ಅಂತ ಸುಮ್ಮನಾದೆ. ನನ್ನದೂ ತಪ್ಪಿದೆ."

ಕಾಗದ ಇಸಿದುಕೊಂಡು ಮಡಿಸಿ, "ನಾಳೆ ಹೋಗಿ ಹೇಳು" ಎಂದಳು.

ಜುಲೈ ೨೨, ಮಂಗಳವಾರ

ಹೇಳಿದೆ. ಆ ಹುಡುಗು ಅಧಿಕಾರಿಯ ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲ ಒಪ್ಪಿಕೊಂಡೆ. ನಂಬಿಕೆ ಬರಲೆಂದು ಏಪ್ರಿಲ್ ಹದಿನೇಳರ ಹಾಳೆ ತೆರೆದು ತೋರಿಸಿದೆ. "ನೋಡಿ, ಇದು ಸೊನ್ನೆ. ಈ ಬಾಲ ನಾನು ಎಳೆದಿದ್ದು. ಶಾಯಿ ಬೇರೆ ಇದೆ."

ಅವನು ಬಗ್ಗಿ ನೋಡಿದ. ಆಮೇಲೆ ರಾಶಿಯಿಂದ ಒಂದು ಹಳೆಯ ಪುಸ್ತಕ ಎಳೆದ. ಹದಿನೈದು ವರ್ಷದ ಹಿಂದಿನದು, ಅಕ್ಕನ ದುಂಡು ಅಕ್ಷರ. ನಾಲ್ಕಾರು ಹಾಳೆ ತಿರುಗಿಸಿ ಒಂದು ಆರರ ಮೇಲೆ ಬೆರಳಿಟ್ಟ.

"ಹಾಗಾದ್ರೆ ಇದು, ಅಮ್ಮ?"

"ಅದು ಆರೇ. ಅದು ನಮ್ಮಕ್ಕ ಬರೆದಿದ್ದು!"

"ನೀವು ಬರೆದಿದ್ದನ್ನೂ ಮೂರು ವಾರದ ಹಿಂದೆ ಹೀಗೇ ಆರು ಅಂತಲೇ ತಂದುಕೊಟ್ರಲ್ಲ."

ಅವನು ಕೆಟ್ಟವನಲ್ಲ, ಅವನ ದನಿಯೂ ಇಳಿದಿತ್ತು. "ನಾನು ನಂಬಿದ್ರೂ ಮೇಲಿನವರು ನಂಬೋದಿಲ್ಲ. ಒಂದು ಕಡೆ ತಿದ್ದಿದೆ ಅಂತ ಗೊತ್ತಾದ ಮೇಲೆ ಇಡೀ ದಾಖಲೆ ಪಕ್ಕಕ್ಕಿಡ್ಬೇಕು. ಇಲ್ಲದೆ ಹೋದ್ರೆ ಗೋಡೆ ಕಟ್ಟೋರೇ ನಾಳೆ ಇದನ್ನ ಎತ್ತಿ ತೋರಿಸ್ತಾರೆ."

"ಅನುಮತಿ?"

"ಅದಕ್ಕೆ ಬೇರೆ ಕಾರಣ ಬರ್ಕೊಳ್ತಾರೆ. ದಾಖಲೆ ಇಲ್ಲ ಅಂತ."

ಪುಸ್ತಕಗಳನ್ನು ದಾರದಲ್ಲಿ ಕಟ್ಟಿ ವಾಪಸು ಕೊಟ್ಟ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ಅಕ್ಕ ನನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಳೋ. ದಾರಿಯುದ್ದಕ್ಕೂ ಅದೇ.

ಮನೆಯ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತೆ. ಅವಳಿಗೆ ಕಣ್ಣಿಲ್ಲ. ಪುಸ್ತಕ ಅಲ್ಲೇ ಇಟ್ಟುಕೊಂಡಿದ್ದಾರೆ, ಮತ್ತೆ ನೋಡುತ್ತಾರಂತೆ ಎಂದರೆ ಮುಗಿಯಿತು. ನಾಲಿಗೆಯ ತುದಿಯವರೆಗೆ ಬಂದಿತ್ತು.

ಎರಡು ಚೀಲವನ್ನೂ ಅವಳ ಕೈಗೆ ಮುಟ್ಟಿಸಿ, ಅವನು ಆಡಿದ ಮಾತನ್ನು ಆಡಿದ ಹಾಗೇ ಹೇಳಿದೆ. ಆ ಆರರ ಮಾತನ್ನೂ ಹೇಳಿದೆ.

ಅಕ್ಕ ದಾರದ ಗಂಟನ್ನು ಬೆರಳಿನಿಂದ ಹುಡುಕಿ ಬಿಚ್ಚಿದಳು. ಮೇಲಿನ ಪುಸ್ತಕ ತೆರೆದು ಹಾಳೆಯ ಮೇಲೆ ಅಂಗೈ ಇಟ್ಟುಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಜುಲೈ ೨೬, ಶನಿವಾರ

ಮಾತಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಾಳೆ. ಅಷ್ಟೇ.

ಜುಲೈ ೩೧, ಗುರುವಾರ

ಒಂಬತ್ತೂವರೆಗೆ ಮನೆ ಮುಂಗೋಣೆಯ ಅಂಗಡಿಯಲ್ಲಿ ಯಂತ್ರದ ಮುಂದೆ ಕೂತು ಕಾಜ ಹೊಲಿಯುತ್ತಿದ್ದೆ. ಒಳಗಿನಿಂದ ದನಿ ಬಂತು. ಒಂಬತ್ತು ದಿನದ ಮೇಲೆ ಮೊದಲ ಮಾತು.

"ಇವತ್ತು ಗುರುವಾರ ಅಲ್ವೇನೇ? ಹೋಗ್ಲಿಲ್ವಾ?"

"ಯಾರಿಗೋಸ್ಕರ ಹೋಗ್ಲಿ ಅಕ್ಕ? ಯಾರು ನೋಡ್ತಾರೆ ಅದನ್ನ ಇನ್ನು?"

"ಇಪ್ಪತ್ತಮೂರು ವರ್ಷ ಯಾರು ನೋಡಿದ್ರು? ಎದ್ದು ಹೋಗು. ಬಿಸಿಲು ಮೊಣಕೈವರೆಗೆ ಬಂದಿದೆ."

ಹೋದೆ. ಐದು ಹೆಜ್ಜೆ ಮುಂದೆ ನೋಡಿದೆ, ಎಲ್ಲೂ ನಿಲ್ಲಲಿಲ್ಲ. ಮಾಲಿ ಮಾತಾಡಿಸಲು ಬಂದವನು ನನ್ನ ಮುಖ ನೋಡಿ ಪೈಪನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ. ಎಲ್ಲ ಸೇರಿ ಹತ್ತೊಂಬತ್ತು. ಉಪ್ಪುನೀಲಿ ಸೊನ್ನೆ.

ಒಂದೊಂದು ಸಾಲನ್ನೂ ಓದಿ ಹೇಳಿದೆ. ಅಕ್ಕ ಹ್ಞೂಂ, ಹ್ಞೂಂ ಎಂದು ಕೇಳಿದಳು. ಊಟಕ್ಕೆ ಕೂರಿಸಿದರೆ ನಾಲ್ಕು ತುತ್ತು ತಿಂದಳು. ಐದನೆಯದಕ್ಕೆ ಬಾಯಿ ತೆರೆಯಲಿಲ್ಲ. ನಾನು ಬಲವಂತ ಮಾಡಲಿಲ್ಲ.

ಆಗಸ್ಟ್ ೧೪, ಗುರುವಾರ

ಹೋಗುವಾಗಲೇ ಯಂತ್ರದ ಸದ್ದು ದಂಡೆಗೆ ಇಳಿಯುವ ಮೆಟ್ಟಿಲವರೆಗೆ ಕೇಳುತ್ತಿತ್ತು. ಷೆಡ್ಡಿನ ಕಡೆಯಿಂದ ಕತ್ತರಿಸಿಕೊಂಡು ಬರುತ್ತಿದ್ದರು. ಅರ್ಧ ದಂಡೆ ಬೋಳಾಗಿತ್ತು. ಕಡಿದ ಪೊದೆಗಳನ್ನು ದಾರಿಯ ಪಕ್ಕ ರಾಶಿ ಹಾಕಿದ್ದರು. ಬೇರಿನಲ್ಲಿ ಇನ್ನೂ ಒದ್ದೆ ಮರಳಿತ್ತು.

ಯಂತ್ರದವನು, "ಈ ಕಡೆ ಬರಬೇಡಿ ಅಮ್ಮ, ಕಲ್ಲು ಹಾರುತ್ತೆ" ಎಂದು ಕೂಗಿದ. ನಾನು ನನ್ನ ದಾರಿಯಲ್ಲೇ ನಡೆದೆ. ಅವನೇ ಯಂತ್ರ ನಿಲ್ಲಿಸಿ ನಾನು ದಾಟುವವರೆಗೆ ಕಾದ. ಕಣ್ಣಲ್ಲಿ ನೀರು ತುಂಬಿ ಮುಂದಿನದು ಮಂಜಾಗುತ್ತಿತ್ತು, ಒರೆಸಿ ಒರೆಸಿ ನೋಡಿದೆ. ಮಂಜುಗಣ್ಣಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ.

ರಾಶಿಯನ್ನು ದಾಟಿ ಎರಡು ಹೆಜ್ಜೆ ಇಟ್ಟಿರಬೇಕು. ಬಲಗಿವಿಯ ಹಿಂದೆ ಏನೋ ಸರಿದಂತಾಯಿತು. ತಿರುಗಬಾರದು. ತಿರುಗಿದೆ. ಕಡಿದ ಪೊದೆಯ ಮೇಲೆ ಒಂದು ಉಪ್ಪುನೀಲಿ ರೆಕ್ಕೆ ತೆರೆದು ಕೂತಿತ್ತು. ಏಪ್ರಿಲ್ ಹತ್ತರ ನಂತರ ಮೊದಲನೆಯದು. ಹೊಟ್ಟೆ ಬಗ್ಗಿಸಿ ಆ ಸತ್ತ ಎಲೆಯ ಮೇಲೇ ಮೊಟ್ಟೆ ಇಡುತ್ತಿತ್ತು, ಹುಚ್ಚುಮುಂಡೇದು. ನಾಳೆ ಆ ರಾಶಿಗೆ ಬೆಂಕಿ ಹಾಕುತ್ತಾರೆ.

ಪುಸ್ತಕದಲ್ಲಿ ಸೊನ್ನೆ ಬರೆದೆ.

ಅಕ್ಕನಿಗೆ ಎಲ್ಲ ಹೇಳಿದೆ. "ಹಿಂದೆ ಇತ್ತು. ಬರೀಲಿಲ್ಲ" ಎಂದೆ.

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಗಟ್ಟಿಯಾದ ಜಾಗವನ್ನು ಸವರುತ್ತಾ, "ಒಳ್ಳೇದು ಮಾಡ್ದೆ" ಎಂದಳು. ಆಮೇಲೆ ಕೇಳಿದಳು, "ರೆಕ್ಕೆ ತೆರೆದಿತ್ತಾ?"

"ಪೂರ್ತಿ ತೆರೆದಿತ್ತು."

ಇಬ್ಬರೂ ಅತ್ತೆವು. ಹಾಡಹಗಲಿನಲ್ಲಿ, ಬಾಗಿಲು ತೆರೆದೇ ಇತ್ತು, ಬಟ್ಟೆ ಹೊಲಿಸಲು ಬಂದವರು ಯಾರೋ ಇಣುಕಿ ನೋಡಿ ಹಾಗೇ ಹೋದರು.

ಆಗಸ್ಟ್ ೨೮, ಗುರುವಾರ

ಅಕ್ಕ ಮಂಗಳವಾರ ಬೆಳಿಗ್ಗೆ ಹೋದಳು. ಹಾಲು ಬಿಸಿ ಮಾಡಿ ತರುವಷ್ಟರಲ್ಲಿ. ತೋಳು ಕಿಟಕಿಯ ಕಟ್ಟೆಯ ಮೇಲಿತ್ತು, ಬಿಸಿಲಿಗೆ ಬೆಚ್ಚಗಿತ್ತು, ಅದಕ್ಕೇ ನನಗೆ ತಕ್ಷಣ ಗೊತ್ತಾಗಲಿಲ್ಲ.

ಇವತ್ತು ನಡೆಯಲಿಲ್ಲ. ಪುಸ್ತಕದಲ್ಲಿ ಈ ವಾರದ ಹಾಳೆ ಖಾಲಿ ಬಿಟ್ಟಿದ್ದೇನೆ. ನೋಡಲಿಲ್ಲ, ಅದಕ್ಕೆ.

ಸೆಪ್ಟೆಂಬರ್ ೪, ಗುರುವಾರ

ಮನೆಯಲ್ಲಿ ಕೂರಲಾಗಲಿಲ್ಲ. ಹತ್ತಕ್ಕೆ ಹೊರಟೆ. ಮಾಲಿ ಟೋಪಿ ತೆಗೆದು, "ಒಬ್ಬರೇ ಆಗಿಬಿಟ್ರಲ್ಲ ಅಮ್ಮ" ಎಂದ. ಹೌದಪ್ಪ ಎಂದೆ. ಅವನು ಬಿಟ್ಟಿದ್ದ ಆ ಗಿಡದಲ್ಲಿ ಕಿತ್ತಳೆ ತುದಿ ಎರಡಿದ್ದವು.

ಏಳನೆಯ ತುಂಡಿನಲ್ಲಿ ಈಗ ಷೆಡ್ಡಿನಿಂದ ಮೆಟ್ಟಿಲವರೆಗೆ ಕಲ್ಲು. ಹೊಸ ಕಲ್ಲು, ಕಣ್ಣಿಗೆ ಚುಚ್ಚುತ್ತದೆ. ಪೊದೆಯೇ ಇಲ್ಲದ ಮೇಲೆ ಚಿಟ್ಟೆ ಎಲ್ಲಿಂದ ಬರಬೇಕು, ಗೊತ್ತು ನನಗೆ. ಆದರೂ ಇನ್ನೂರು ಹೆಜ್ಜೆ ಅಕ್ಕನ ನಡಿಗೆಯಲ್ಲಿ ನಡೆದೆ, ಐದು ಹೆಜ್ಜೆ ಮುಂದೆ ನೋಡುತ್ತಾ. ತಿರುಗಲಿಲ್ಲ.

ಮನೆಗೆ ಬಂದು ಅವಳ ಮಂಚದ ಅಂಚಿನಲ್ಲಿ ಕೂತು ಹಾಳೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಕೊನೆಯ ಸಾಲು ಇದು.

ಏಳನೆಯ ತುಂಡು. ಉಪ್ಪುನೀಲಿ, ಸೊನ್ನೆ. ಬಿಸಿಲು ಪೂರ್ತಿ ಇತ್ತು. ಗಾಳಿ ಇರಲಿಲ್ಲ.